ಬಿಸಲರೊಟ್ಟಿ

ಮೈದಾ ಹಿಟ್ಟಿನ ಅಂಟಿಗೆ ಚಿಟಿಕೆ ಮೈಲುತುತ್ತ ಹಾಕಿ ಕುದಿಸಿದರೆ ಒಂದು ವಾಸನೆ ಬರುತ್ತದೆ. ಕಹಿ ಅನ್ನುವಂತಿಲ್ಲ, ಹುಳಿ ಅನ್ನುವಂತಿಲ್ಲ, ಮೂಗಿನ ತುದಿಯನ್ನು ಸ್ವಲ್ಪ ಕಚ್ಚುವಂಥದ್ದು. ಹುಳ ಹತ್ತಬಾರದೆಂದು ಹಿಂದಿನವರು ಪುಸ್ತಕಕ್ಕೆ ಹಚ್ಚುತ್ತಿದ್ದ ಅಂಟು ಅದು. ಹೋದ ತಿಂಗಳು ನಮ್ಮ ಶಾಲೆಗೆ ಬಂದ ಪಾರ್ಸಲ್ಲಿನ ದಾರ ಕತ್ತರಿಸಿ ಮೇಲಿನ ಕಾಗದ ಬಿಡಿಸುತ್ತಿದ್ದಂತೆ ಆ ವಾಸನೆ ಎದ್ದಿತು. ಒಳಗಿರುವುದು ಏನೆಂದು ಕಣ್ಣಿಗಿಂತ ಮೊದಲು ನನ್ನ ಮೂಗಿಗೆ ತಿಳಿಯಿತು.

ಪಾರ್ಸಲ್ಲಿನ ಮೇಲೆ ನನ್ನ ಹೆಸರಿರಲಿಲ್ಲ. ‘ಒಂದನೆಯ ತರಗತಿಯ ಶಿಕ್ಷಕರಿಗೆ’ ಎಂದಷ್ಟೇ ಬರೆದಿತ್ತು. ಜೊತೆಗೆ ನಾಲ್ಕು ಸಾಲಿನ ಒಂದು ಚೀಟಿ. ಅಕ್ಕ ತೀರಿಕೊಂಡು ಎರಡು ತಿಂಗಳಾಯಿತು, ಈ ಪುಸ್ತಕ ನಿಮ್ಮೂರ ಮಕ್ಕಳದ್ದು, ಅವರಿಗೇ ಮುಟ್ಟಿಸಬೇಕೆಂದು ಹೇಳಿದ್ದಳು ಎಂದು ನನಗೆ ಅಕ್ಷರ ಕಲಿಸಿದವರ ತಂಗಿ ಬರೆದಿದ್ದರು. ಒಂದನೆಯ ತರಗತಿಯ ಶಿಕ್ಷಕಿಯೇ ಆ ಮಕ್ಕಳಲ್ಲಿ ಒಬ್ಬಳೆಂಬುದು ಪಾಪ, ಆ ತಂಗಿಗೆ ಹೇಗೆ ಗೊತ್ತಾಗಬೇಕು? ಚೀಟಿಯನ್ನು ಎರಡು ಸಲ ಓದಿದೆ. ಪುಸ್ತಕವನ್ನು ಮಾತ್ರ ತೆರೆಯಲಿಲ್ಲ. ಖಣದ ಬಟ್ಟೆ ಅಂಟಿಸಿದ ಅದರ ಬೆನ್ನಿನ ಮೇಲೆ ಕೈಯಿಟ್ಟುಕೊಂಡು ಸುಮ್ಮನೆ ಕೂತೆ…

ನಮ್ಮದು ಸಿರಸಂಗಿಗೆ ಹೋಗುವ ದಾರಿಯಲ್ಲಿ ಬಸ್ಸು ಅರೆಮನಸ್ಸಿನಿಂದ ನಿಲ್ಲುವ ಊರು. ನಾನು ಒಂದನೆಯ ತರಗತಿಗೆ ಸೇರಿದ ವರ್ಷವೇ ಅಕ್ಕೋರು ಅಲ್ಲಿಗೆ ಬಂದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಎಂದೇ ಕರೆಯುವುದು. ಅವರು ಮಂಡ್ಯದ ಕಡೆಯವರು. ಊರವರ ಲೆಕ್ಕದಲ್ಲಿ ಧಾರವಾಡ ದಾಟಿದ ಮೇಲೆ ಸಿಗುವುದೆಲ್ಲ ಮೈಸೂರೇ ಆದ್ದರಿಂದ ‘ಮೈಸೂರ ಅಕ್ಕೋರು’ ಎಂದು ಹೆಸರಾಯಿತು. ತೆಳ್ಳಗೆ, ಎತ್ತರಕ್ಕೆ ಇದ್ದರು. ಒಂದು ಕೈಯಲ್ಲಿ ಟ್ರಂಕು, ಇನ್ನೊಂದು ಕೈಯಲ್ಲಿ ಕೊಡೆ ಹಿಡಿದುಕೊಂಡು ಬಸ್ಸಿಳಿದಿದ್ದರಂತೆ. ನಮ್ಮೂರಿನ ನಾಲ್ಕು ಹನಿ ಮಳೆ ಕಂಡವರು ಕೊಡೆ ತರುವುದಿಲ್ಲ.

ಮೊದಲ ದಿನವೇ ಎಡವಟ್ಟಾಯಿತು. ತರಗತಿಗೆ ಬಂದು ಪ್ರೀತಿಯಿಂದ, “ಬನ್ನಿ ಪುಟಾಣಿಗಳೇ, ಎಲ್ಲರೂ ಹತ್ತಿರ ಬನ್ನಿ” ಎಂದರು. ನಾವು ಓಡಿ ಹೋದೆವು, ಹೋಗಿ ಕೈ ಚಾಚಿದೆವು. ಅವರ ಕಡೆ ಪುಟಾಣಿ ಎಂದರೆ ಚಿಕ್ಕ ಮಗು. ನಮ್ಮ ಕಡೆ ಹುರಿಗಡಲೆ, ಬೆಲ್ಲದ ಜೊತೆ ತಿನ್ನುವುದು. ತಮ್ಮ ಮುಂದೆ ಚಾಚಿದ ಅಷ್ಟೊಂದು ಅಂಗೈಗಳನ್ನು ನೋಡಿ ಅವರು ಕಕ್ಕಾಬಿಕ್ಕಿಯಾದರು. ಯಾರಿಗೂ ಏನೂ ಸಿಗದೆ ನಾವು ಮುಖ ಸಣ್ಣದು ಮಾಡಿಕೊಂಡು ಜಾಗಕ್ಕೆ ಮರಳಿದೆವು.

ಅದು ಸಾಲದೆಂಬಂತೆ ಗೋಡೆಯ ಮೇಲಿನ ಚಿತ್ರಪಟಕ್ಕೆ ಕೋಲು ತೋರಿಸಿ ಇದೇನೆಂದು ಕೇಳಿದರು. ಗಿಡ ಎಂದು ಕೂಗಿದೆವು. ಗಿಡ ಅಲ್ಲ ಮಕ್ಕಳೇ, ಇದು ಮರ ಎಂದರು. ಆಗ ತರಗತಿ ನಕ್ಕಿದ್ದನ್ನು ಏನು ಹೇಳಲಿ! ನಮಗೆ ಮರ ಎಂದರೆ ಮನೆಯಲ್ಲಿ ಜೋಳ ಕೇರುವ ಬಿದಿರಿನ ಸಾಧನ, ಬುಕ್ಕಿನವರು ಮೊರ ಎನ್ನುತ್ತಾರಲ್ಲ, ಅದು. ಬೇವಿನ ಗಿಡಕ್ಕೆ ಮರ ಅಂದರೆ ನಗದೆ ಏನು ಮಾಡಬೇಕು? ಹಿಂದಿನ ಸಾಲಿನ ಒಬ್ಬನಂತೂ ಎದ್ದು ನಿಂತು ಜೋಳ ಕೇರುವಂತೆ ಎರಡೂ ಕೈ ಆಡಿಸಿ ತೋರಿಸಿದ. ಅವರ ಮುಖ ಸಪ್ಪಗಾಯಿತು. ಬೇರೆಯವರಾಗಿದ್ದರೆ ಅದೇ ಕೋಲಿನಿಂದ ನಾಲ್ಕು ಬಿಗಿಯುತ್ತಿದ್ದರು.

ಮರುದಿನ ಅವರು ಬಂದದ್ದು ಬಗಲಲ್ಲಿ ಮೊರ ಇಟ್ಟುಕೊಂಡು. ಬಾಡಿಗೆ ಮನೆಯವರಿಂದ ಕೇಳಿ ತಂದಿದ್ದರು. ಮೊರದ ತುಂಬ ಪುಟಾಣಿ. ಎಲ್ಲರ ಕೈಗೂ ಒಂದೊಂದು ಹಿಡಿ ಹಾಕಿ, ನಾವು ತಿನ್ನುವುದನ್ನು ನೋಡುತ್ತ ನಿಂತು, ಆಮೇಲೆ ಹೇಳಿದರು:

“ನಿಮ್ಮ ಮಾತು ನನಗೆ ಬರುವುದಿಲ್ಲ, ನನ್ನ ಮಾತು ನಿಮಗೆ ಬರುವುದಿಲ್ಲ. ನೀವು ನನಗೆ ಕಲಿಸಿ, ನಾನು ನಿಮಗೆ ಕಲಿಸುತ್ತೇನೆ.”

ಆ ವಾರವೇ ಪುಸ್ತಕ ಶುರುವಾಯಿತು. ದಪ್ಪ ಕಂದು ಕಾಗದದ ಹಾಳೆಗಳನ್ನು ತಾವೇ ಹೊಲಿದು, ಅಂಟು ಕುದಿಸಿ, ಅದಕ್ಕೆ ಚಿತ್ರಗಳನ್ನು ಹಚ್ಚತೊಡಗಿದರು. ಬೀಜದ ಚೀಲದ ಮೇಲಿನ ಗೋವಿನಜೋಳ, ಹಳೆಯ ಕ್ಯಾಲೆಂಡರಿನ ಹಸು, ಕಡ್ಡಿಪೆಟ್ಟಿಗೆಯ ನವಿಲು, ಬಿಸ್ಕತ್ತಿನ ಪೊಟ್ಟಣದ ಮಗು. ಸಿಗದೇ ಇದ್ದದ್ದನ್ನು ಮೇಣದ ಬಣ್ಣದಲ್ಲಿ ತಾವೇ ಬರೆಯುತ್ತಿದ್ದರು. ಪ್ರತಿ ಚಿತ್ರದ ಕೆಳಗೆ ಪುಸ್ತಕದ ಮಾತು, ಅದರ ಕೆಳಗೆ ಒಂದು ಖಾಲಿ ಗೆರೆ. ಆ ಗೆರೆ ನಮ್ಮದು. ಈರುಳ್ಳಿಯ ಕೆಳಗೆ ಉಳ್ಳಾಗಡ್ಡಿ, ಕಡಲೆಕಾಯಿಯ ಕೆಳಗೆ ಶೇಂಗಾ, ಏಣಿಯ ಕೆಳಗೆ ನಿಚ್ಚಣಕಿ. ಮನೆಯ ಮಾತನ್ನು ಮೊದಲು ಯಾರು ಹೇಳುತ್ತಾರೋ ಅವರ ಹೆಸರನ್ನು ಅಲ್ಲೇ ಮೂಲೆಯಲ್ಲಿ ‘ಕೊಟ್ಟವರು’ ಎಂದು ಬರೆಯುತ್ತಿದ್ದರು. ತನ್ನ ಹೆಸರು ಪುಸ್ತಕದಲ್ಲಿ ಏರಿದ ದಿನ ಆ ಹುಡುಗ ಅಥವಾ ಹುಡುಗಿ ಊರೆಲ್ಲ ಹೇಳಿಕೊಂಡು ಬರುತ್ತಿದ್ದರು.

ನಾಮಪದ, ಕ್ರಿಯಾಪದ ಎಂಬ ಭಾರದ ಹೆಸರುಗಳನ್ನು ಅವರು ನಮ್ಮ ಮುಂದೆ ಎಂದೂ ತೆಗೆಯಲಿಲ್ಲ. ಹೆಸರಿನ ಮಾತು, ಕೆಲಸದ ಮಾತು, ಗುಣದ ಮಾತು ಅಷ್ಟೇ. ಹೆಸರಿನ ಮಾತು ಹೇಳಿದವರು ಬಂದು ಚಿತ್ರಕ್ಕೆ ಬೆರಳು ಮುಟ್ಟಿಸಬೇಕು. ಕೆಲಸದ ಮಾತು ಹೇಳಿದವರು ಆ ಕೆಲಸ ಮಾಡಿ ತೋರಿಸಬೇಕು. ಗುಣದ ಮಾತು ಹೇಳಿದವರು ಅದೇ ಗುಣದ ಇನ್ನೊಂದು ವಸ್ತುವನ್ನು ಹುಡುಕಬೇಕು. ಕೆಂಪಗೆ ಅಂದವಳು ಓಡಿಹೋಗಿ ಯಾರದೋ ರಿಬ್ಬನ್ನು ಹಿಡಿದೆಳೆಯುತ್ತಿದ್ದಳು. ದುಂಡಗೆ ಅಂದವನು ಗೆಳೆಯನ ಬೋಳುತಲೆಯ ಮೇಲೆ ಕೈಯಿಡುತ್ತಿದ್ದ. ಒಂದೇ ಬೆಕ್ಕಿನ ಎರಡು ಚಿತ್ರ ತೋರಿಸಿ, ಒಂದರಲ್ಲಿ ಮಲಗಿದೆ, ಇನ್ನೊಂದರಲ್ಲಿ ಹಾರಿದೆ, ನೋಡಿ, ಹೆಸರು ಅದೇ ಇದ್ದರೂ ಕೆಲಸದ ಮಾತು ಬದಲಾದರೆ ಚಿತ್ರವೇ ಬದಲಾಗುತ್ತದೆ ಎಂದು ಹೇಳಿದ್ದು ಈಗಲೂ ಕಿವಿಯಲ್ಲಿದೆ. ನಾನು ಇವತ್ತಿಗೂ ನನ್ನ ಮಕ್ಕಳಿಗೆ ಹೀಗೆಯೇ ಕಲಿಸುತ್ತೇನೆ. ತರಬೇತಿಗಳಲ್ಲಿ ಏನೇನೋ ಹೇಳಿಕೊಟ್ಟರು, ಇದಕ್ಕಿಂತ ಹೆಚ್ಚಿನದನ್ನು ಯಾರೂ ಹೇಳಲಿಲ್ಲ.

ಒಂದು ದಿನ ಹುಡುಗನೊಬ್ಬ ಬೇವಿನ ಮರ ಏರುತ್ತಿರುವ ಚಿತ್ರ ಬಂತು. ಏನು ಮಾಡುತ್ತಿದ್ದಾನೆ ಎಂದು ಕೇಳಿದರು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿ, “ಗಿಡಾ ಹತ್ತಾಕ ಹತ್ತ್ಯಾನ್ರಿ” ಎಂದಳು. ಅಕ್ಕೋರಿಗೆ ಗೊಂದಲ. ಒಂದು ಕೆಲಸವನ್ನು ಎರಡು ಸಲ ಯಾಕೆ ಹೇಳಿದೆ ಎಂದರು. ಅವಳು ಸ್ವಲ್ಪ ಯೋಚನೆ ಮಾಡಿ ಹೇಳಿದಳು:

“ಎರಡು ಸಲ ಅಲ್ರಿ. ಮೊದಲ ಹತ್ತೂದು ಗಿಡದ್ದರಿ, ಇನ್ನೊಂದು ಹತ್ತೂದು ಈಗಿನದ್ದರಿ.”

ಹತ್ತಾಕ ಹತ್ತ್ಯಾನ ಎಂದರೆ ಹತ್ತುತ್ತಿದ್ದಾನೆ ಎಂದು ಅಕ್ಕೋರಿಗೆ ಆಗ ಹೊಳೆಯಿತು, ಕೋಲನ್ನು ಮೇಜಿನ ಮೇಲಿಟ್ಟರು. ಆಮೇಲೆ ಆ ಮಾತನ್ನು ಇದ್ದ ಹಾಗೆಯೇ ಪುಸ್ತಕದಲ್ಲಿ ಬರೆದುಕೊಂಡು, ಇಷ್ಟು ಚೆನ್ನಾಗಿ ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ ಎಂದರು. ಪಕ್ಕದ ಹುಡುಗಿ ಎರಡು ದಿನ ನೆಲದ ಮೇಲೆ ನಡೆಯಲಿಲ್ಲ.

ನನಗೆ ಹೊಟ್ಟೆಕಿಚ್ಚು. ಮುಚ್ಚಿಟ್ಟು ಏನು ಮಾಡಲಿ? ಆ ಬಾಯಿಬಡಕಿ ಒಬ್ಬಳೇ ಒಂಬತ್ತು ಮಾತು ಕೊಟ್ಟಿದ್ದಳು. ನಾನು ಒಂದೂ ಕೊಟ್ಟಿರಲಿಲ್ಲ. ಮಾತು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದದ್ದು ಗಂಟಲಿಗೆ ಬಂದು, ಅಲ್ಲಿಂದ ನಾಲಿಗೆಗೆ ಬರುವಷ್ಟರಲ್ಲಿ ಬೇರೆ ಯಾರೋ ಹೇಳಿ ಮುಗಿಸಿರುತ್ತಿದ್ದರು. ಈಗ ನೋಡಿದರೆ ಮನೆಯವರಿಗೆಲ್ಲ ನನ್ನ ಬಾಯಿ ಮುಚ್ಚಿಸುವುದೇ ದೊಡ್ಡ ಕೆಲಸ. ಆಗ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ದೀಪಾವಳಿ ರಜೆಯ ಹೊತ್ತಿಗೆ ಹೆಸರು ಬರದವರು ಐದು ಮಂದಿ ಉಳಿದಿದ್ದೆವು. ಸಂಕ್ರಾಂತಿಗೆ ನಾನೊಬ್ಬಳೇ.

ಆಗ ಅಕ್ಕೋರು ಒಂದು ಸುದ್ದಿ ಹೇಳಿದರು. ಜನವರಿ ಇಪ್ಪತ್ತಾರರಂದು ಝಂಡಾ ಹಾರಿಸಿದ ಮೇಲೆ ಮನೆಯವರ ಮುಂದೆ ಪುಸ್ತಕ ತೆರೆಯುತ್ತೇವೆ, ಒಬ್ಬೊಬ್ಬರಾಗಿ ನಿಂತು ತಾವು ಕೊಟ್ಟ ಮಾತನ್ನು ಓದಬೇಕು. ಎಲ್ಲರೂ ಕುಣಿದರು. ನಾನೊಬ್ಬಳು ಉಳಿದ ದಿನ ಎಣಿಸತೊಡಗಿದೆ. ನನಗೆ ಶಾಲೆ ಒಗ್ಗದು, ಬಿಡಿಸಿ ಮನೆಯಲ್ಲಿಟ್ಟುಕೊಳ್ಳೋಣ ಎಂದು ಅಪ್ಪ ಆಗಾಗ ಅನ್ನುವುದಿತ್ತು. ಹುಡುಗಿ ಅಲ್ಲಿ ಬಾಯೇ ಬಿಡುವುದಿಲ್ಲವಂತೆ, ಹೋಗಿ ಮಾಡುವುದೇನು ಎಂದು. ಎಲ್ಲರೂ ಓದಿ ನಾನೊಬ್ಬಳೇ ಕೂತಿದ್ದರೆ ಅಪ್ಪನ ಮಾತು ಖರೆಯಾಗುತ್ತಿತ್ತು.

ಆ ದಿನಕ್ಕೆ ನಾಲ್ಕು ದಿನವಿತ್ತು. ಅಕ್ಕೋರು ತಾವೇ ಬರೆದ ಒಂದು ಚಿತ್ರ ತಂದರು. ಮಣ್ಣಿನ ಮಾಳಿಗೆಯ ಮನೆಯ ಒಳಗಿನ ನೋಟ. ಒಲೆ, ನೀರಿನ ಕೊಡ, ಮಲಗಿದ ಬೆಕ್ಕು, ಮೇಲೆ ಬೆಳಕಿಂಡಿ. ಅದರಿಂದ ಇಳಿದ ಬಿಸಿಲು ನೆಲದ ಮೇಲೆ ಹಳದಿಯಾಗಿ, ದುಂಡಗೆ ಬಿದ್ದಿತ್ತು. ಎಲ್ಲದಕ್ಕೂ ಹೆಸರು ಮೊದಲೇ ಬಂದಾಗಿತ್ತು. ಅವರು ಆ ಹಳದಿಯ ಮೇಲೆ ಬೆರಳಿಟ್ಟು, ಇದಕ್ಕೆ ನಿಮ್ಮ ಮನೆಯಲ್ಲಿ ಏನನ್ನುತ್ತೀರಿ ಎಂದು ಕೇಳಿದರು. ಬಿಸಿಲು ಎಂದ ಒಬ್ಬ. ಅದು ಬಂದಾಗಿತ್ತು. ಬೆಳಕು ಎಂದಳು ಇನ್ನೊಬ್ಬಳು. ಅದೂ ಆಗಿತ್ತು. ಪಕ್ಕದ ಹುಡುಗಿಯೂ ಸುಮ್ಮನಾದಳು. ದಿನಾ ನೋಡುತ್ತಿದ್ದ ವಸ್ತು, ಅದಕ್ಕೆ ನಮ್ಮ ಯಾರ ಮನೆಯಲ್ಲೂ ಹೆಸರೇ ಇರಲಿಲ್ಲ!

ನನ್ನ ಕೈ ಹೇಗೆ ಮೇಲೆದ್ದಿತೋ ನನಗೆ ಗೊತ್ತಿಲ್ಲ.

“ಬಿಸಲರೊಟ್ಟಿರಿ” ಎಂದೆ. ಎಲ್ಲರೂ ತಿರುಗಿ ನೋಡಿದರು. ಯಾರೂ ಕೇಳದಿದ್ದರೂ ಮುಂದುವರಿಸಿದೆ, “ನಮ್ಮ ಆಯಿ ಹಂಗ ಅಂತಾಳ್ರಿ.”

ಆಯಿ ಎಂದರೆ ನನ್ನ ಅಜ್ಜಿ. ಅವಳು ಹಾಗೆ ಎಂದೂ ಅಂದಿರಲಿಲ್ಲ. ಅವಳು ಬಡಿಯುವ ಜೋಳದ ರೊಟ್ಟಿಯಷ್ಟೇ ಅಗಲ, ಅಷ್ಟೇ ದುಂಡಗೆ ಆ ಬಿಸಿಲು ನಮ್ಮ ಪಡಸಾಲೆಯಲ್ಲಿ ಬೀಳುತ್ತಿತ್ತು, ನಿಜ. ಆದರೆ ಮಾತು ಆ ಕ್ಷಣದಲ್ಲಿ ನನ್ನ ಬಾಯಲ್ಲಿ ಹುಟ್ಟಿದ್ದು. ಅಕ್ಕೋರು ನನ್ನ ಹತ್ತಿರ ಬಗ್ಗಿದರು. ಹೌದೇನವಾ ಎಂದರು. ಆ ಹೊತ್ತಿಗೆ ಅವರ ಬಾಯಿಗೂ ನಮ್ಮ ಮಾತು ಹತ್ತಿತ್ತು. ನಾನು ತಲೆಯಾಡಿಸಿದೆ. ಅವರು ಪೆನ್ನು ತೆಗೆದು ಗೆರೆಯ ಮೇಲೆ ಬರೆದರು. ಮೂಲೆಯಲ್ಲಿ ನನ್ನ ಹೆಸರು ಕಂಡಿತು. ಅದನ್ನು ಬಿಟ್ಟು ಬೇರೇನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಸಂತೋಷ ಶಾಲೆಯ ಬಾಗಿಲ ತನಕ ಮಾತ್ರ ಬಂತು. ಮನೆಯ ದಾರಿ ಹಿಡಿದ ಮೇಲೆ ಹೆದರಿಕೆ ಶುರುವಾಯಿತು. ಝಂಡಾದ ದಿನ ಆಯಿ ಬರುತ್ತಾಳೆ, ಅಕ್ಕೋರು ಕೇಳುತ್ತಾರೆ, ಆಯಿ ಇಲ್ಲ ಅನ್ನುತ್ತಾಳೆ… ಮುಗಿಯಿತು. ಅವಳಿಗೆ ಮೊದಲೇ ಹೇಳಿಬಿಡಬೇಕೆಂದು ನಾಲ್ಕು ದಿನವೂ ಅಂದುಕೊಂಡೆ. ಅದೂ ಗಂಟಲ ತನಕ ಬಂದು ಅಲ್ಲೇ ನಿಂತಿತು.

ಆ ದಿನ ಬೇವಿನ ಮರದ ನೆರಳಲ್ಲಿ ಜಮಖಾನೆ ಹಾಸಿದ್ದರು. ಆಯಿ ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲೇ ಕೂತಳು, ಅಪ್ಪ ಹಿಂದೆ ನಿಂತಿದ್ದ. ಒಬ್ಬೊಬ್ಬರೂ ಬಂದು ತಮ್ಮ ಮಾತು ಓದುವುದು, ಅಕ್ಕೋರು ಅವರ ಮನೆಯವರ ಕಡೆ ತಿರುಗಿ ಈ ಮಾತು ಸರಿ ಇದೆಯೇ ಎಂದು ನಗುತ್ತ ಕೇಳುವುದು, ಅವರು ನಾಚಿಕೊಂಡು ಹೂಂ ಅನ್ನುವುದು, ಹೀಗೆ ನಡೆಯಿತು. ನನ್ನ ಸರದಿ ಬಂದಾಗ ಪುಸ್ತಕದ ಕಡೆ ನೋಡಲೂ ಧೈರ್ಯ ಬರಲಿಲ್ಲ. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು, ಬಿಸಲರೊಟ್ಟಿ, ನಮ್ಮ ಆಯಿ ಹಂಗ ಅಂತಾಳ ಎಂದು ಬಾಯಿಪಾಠದಂತೆ ಹೇಳಿದೆ. ಕಣ್ಣು ತೆರೆದಾಗ ಅಕ್ಕೋರು ಆಯಿಯ ಕಡೆ ತಿರುಗಲೇ ಇಲ್ಲ, ಮುಂದಿನವರ ಹೆಸರು ಕರೆಯುತ್ತಿದ್ದರು. ಬದುಕಿದೆ ಅಂದುಕೊಂಡೆ.

ಆಗ ಶಾಲೆಯ ಸಮಿತಿಯ ಹಿರಿಯರೊಬ್ಬರು ಕೈಯೆತ್ತಿ ಎದ್ದರು. ಅವರಿಗೆ ಊರಿನ ಎಲ್ಲ ವಿಷಯವೂ ತಮಗೆ ಗೊತ್ತಿರಬೇಕು.

“ಅಲ್ರೀ ಅಕ್ಕೋರ, ಈ ಮಾತು ನಮ್ಮೂರಾಗ ನಾ ಒಮ್ಮಿನೂ ಕೇಳಿಲ್ಲ” ಎಂದರು.

ನಾನು ಆಯಿಯ ಕಡೆ ನೋಡಿದೆ. ಅಕ್ಕೋರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಆಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ನೀವು ಕೇಳಿಲ್ಲಂದ್ರ ಏನಾತ್ರಿ? ನಮ್ಮ ಮನ್ಯಾಗ ನಾ ಅಂತೇನಿ. ನಮ್ಮವ್ವನೂ ಅಂತಿದ್ಳು.”

ಹಿರಿಯರು ಹಂಗಾರ ಸರಿ ಎಂದು ಕೂತರು. ಅಕ್ಕೋರು ತಲೆ ತಗ್ಗಿಸಿ ಪುಸ್ತಕದ ಹಾಳೆ ತಿರುವಿದರು. ಅವರ ತುಟಿಯ ಮೇಲೆ ನಗುವಿತ್ತೋ, ಅಥವಾ ನಾನು ಈಗ ಸೇರಿಸಿಕೊಳ್ಳುತ್ತಿದ್ದೇನೋ… ಹೇಳಲಾರೆ. ದಾರಿಯಲ್ಲಿ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡ. ಶಾಲೆ ಬಿಡಿಸುವ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ.

ಮನೆಗೆ ಬಂದ ಮೇಲೆ ಆಯಿ ನನ್ನನ್ನು ಬೀಸುವ ಕಲ್ಲಿನ ಹತ್ತಿರ ಕೂರಿಸಿಕೊಂಡಳು. ಬೈಯುತ್ತಾಳೆಂದು ಕಿವಿ ಮುಚ್ಚಿಕೊಂಡೆ. ಬೈಯಲಿಲ್ಲ.

“ಸುಳ್ಳ ಹೇಳಾಕ ನಿನಗ ನಾನ ಸಿಕ್ಕೆನೇನ? ಇನ್ನ ಅದನ್ನ ಖರೇ ಮಾಡೂದು ನನ್ನ ತಲಿಗೆ ಬಂತು ನೋಡು” ಎಂದಳು.

ಅಂದಂತೆಯೇ ಮಾಡಿದಳು. ಮರುದಿನದಿಂದ, ಬಿಸಲರೊಟ್ಟಿ ಕಂಬಕ್ಕೆ ಬಂತು, ಏಳವಾ, ಸಾಲಿಗೆ ಹೊತ್ತಾತು ಎಂದು ಎಬ್ಬಿಸತೊಡಗಿದಳು. ಬಿಸಲರೊಟ್ಟಿ ಬೀಸುವ ಕಲ್ಲು ಮುಟ್ಟಿದರೆ ಊಟದ ಹೊತ್ತು. ಬಾಗಿಲ ಕಡೆ ಸರಿದರೆ ಎಮ್ಮೆ ಬರುವ ಹೊತ್ತು. ಮೊದಮೊದಲು ನನ್ನನ್ನು ನೋಡಿ ಬೇಕೆಂದೇ ಅನ್ನುತ್ತಿದ್ದಳು, ಆಮೇಲೆ ಅವಳಿಗೇ ರೂಢಿಯಾಯಿತು. ಅವ್ವ ಅಂದಳು, ಪಕ್ಕದ ಮನೆಯ ಚಿಗವ್ವ ಅಂದಳು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಸಮಿತಿಯ ಹಿರಿಯರ ಮನೆಯಲ್ಲೇ ಆ ಮಾತು ಕೇಳಿ ನನಗೆ ನಗು ತಡೆಯಲಾಗಲಿಲ್ಲ.

ಸುಳ್ಳು ಹೀಗೆ ಖರೆಯಾಯಿತು. ಆದರೆ ಅಕ್ಕೋರಿಗೆ ನಾನು ಸುಳ್ಳು ಹೇಳಿದ್ದು ಸುಳ್ಳಾಗಲಿಲ್ಲವಲ್ಲ. ಅವರು ಪುಸ್ತಕ ತೆರೆದಾಗಲೆಲ್ಲ ಆ ಹಾಳೆ ಬರುವ ಮೊದಲೇ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ, ಇಲ್ಲವೆ ನೀರು ಕುಡಿದು ಬರುತ್ತೇನೆಂದು ಎದ್ದು ಹೋಗುತ್ತಿದ್ದೆ. ಆ ಒಂದು ಹಾಳೆಯನ್ನು ಆಮೇಲೆ ನಾನು ಒಮ್ಮೆಯೂ ನೋಡಲಿಲ್ಲ. ನಮ್ಮಿಂದ ಅವರು ಕಲಿತದ್ದರಲ್ಲಿ ನಾನು ಕೊಟ್ಟದ್ದು ಮಾತ್ರ ಖೊಟ್ಟಿ ಎಂಬುದು ಮುಳ್ಳಿನಂತೆ ಕೂತಿತ್ತು.

ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ ಅವರಿಗೆ ತಮ್ಮೂರ ಕಡೆಗೆ ವರ್ಗವಾಯಿತು. ಸವದತ್ತಿಗೆ ಹೋಗುವ ಬಸ್ಸಿನವರೆಗೆ ಎಲ್ಲರೂ ಹೋದೆವು. ಅದೇ ಟ್ರಂಕು, ಅದೇ ಕೊಡೆ. ಪುಸ್ತಕ ಅವರ ತೊಡೆಯ ಮೇಲಿತ್ತು. ಕಿಟಕಿಯಿಂದ ಎಲ್ಲರ ಕೈ ಮುಟ್ಟಿದರು. ನನ್ನ ಸರದಿ ಬಂದಾಗ ಕೈ ಬಿಡದೆ ಹಿಡಿದುಕೊಂಡರು.

“ನನಗ ಏನರ ಹೇಳೂದು ಐತೇನವಾ?” ಎಂದು ಕೇಳಿದರು.

ಇಲ್ಲವೆಂದು ತಲೆಯಾಡಿಸಿದೆ. ಇರಲಿ, ಎಂದಾದರೂ ನೆನಪಾದರೆ ಪತ್ರ ಬರಿ ಎಂದರು. ಬಸ್ಸು ಹೊರಟಿತು…

ಬರೆಯಲಿಲ್ಲ. ವಿಳಾಸ ಗೊತ್ತಿತ್ತು, ಆದರೂ ಬರೆಯಲಿಲ್ಲ. ಹೈಸ್ಕೂಲಿನಲ್ಲಿ ನಾಚಿಕೆಯಾಯಿತು, ಕಾಲೇಜಿನಲ್ಲಿ ಮರೆತೆ. ನೌಕರಿ ಸಿಕ್ಕಾಗ ಬರೆಯಬೇಕೆಂದುಕೊಂಡೆ, ಇಷ್ಟು ವರ್ಷದ ಮೇಲೆ ಇದೆಂಥ ಹುಚ್ಚು ಎಂದು ಬಿಟ್ಟೆ. ಆಯಿ ಹೋದಳು. ಮಣ್ಣಿನ ಮಾಳಿಗೆಗಳೆಲ್ಲ ಇಳಿದು ಸ್ಲ್ಯಾಬಿನ ಮನೆಗಳಾದವು, ಅವುಗಳಿಗೆ ಬೆಳಕಿಂಡಿ ಎಲ್ಲಿಂದ ಬರಬೇಕು? ನೆಲದ ಮೇಲಿನ ದುಂಡನೆಯ ಬಿಸಿಲು ಹೋಯಿತು, ಅದರ ಹಿಂದೆ ಆ ಮಾತೂ ಹೋಯಿತು. ನನ್ನ ಮಗಳಿಗೇ ಗೊತ್ತಿಲ್ಲ.

ಇಷ್ಟೆಲ್ಲ ನೆನೆಯುತ್ತ ಕೂತವಳು ಕೊನೆಗೆ ಪುಸ್ತಕ ತೆರೆದೆ. ಹಾಳೆಗಳು ಹಳದಿಯಾಗಿವೆ, ಹುಳ ಮಾತ್ರ ಹತ್ತಿಲ್ಲ. ಮೊದಲ ಹಾಳೆಯಲ್ಲೇ ಮರ, ಗಿಡ. ‘ಕೊಟ್ಟವರು ಒಂದನೆಯ ತರಗತಿ’ ಎಂದಷ್ಟೇ, ಯಾರೊಬ್ಬರ ಹೆಸರೂ ಇಲ್ಲ. ನಿಚ್ಚಣಕಿ, ಕೊಟ್ಟವರು ಪಕ್ಕದ ಹುಡುಗಿ. ಉಳ್ಳಾಗಡ್ಡಿ, ಕೊಟ್ಟವರು ಜೋಳ ಕೇರಿ ತೋರಿಸಿದ ಹುಡುಗ. ಆತ ಈಗ ಇಲ್ಲ. ಹಾಳೆ ಹಾಳೆಯಲ್ಲೂ ಕೊಟ್ಟವರು, ಕೊಟ್ಟವರು. ನನ್ನ ಹಾಳೆ ಬಂದಾಗ ಹಳೆಯ ಚಾಳಿಯಂತೆ ಕಣ್ಣು ಮುಚ್ಚಿತು. ಈ ವಯಸ್ಸಿನಲ್ಲಿ ಇದೇನೆಂದು ನನ್ನನ್ನೇ ಬೈದುಕೊಂಡು ತೆರೆದೆ.

ಒಲೆ, ಕೊಡ, ಬೆಕ್ಕು, ನೆಲದ ಮೇಲೆ ಹಳದಿ. ಗೆರೆಯ ಮೇಲೆ ‘ಬಿಸಲರೊಟ್ಟಿ’. ಮೂಲೆಯಲ್ಲಿ ನನ್ನ ಹೆಸರು. ಅದರ ಮುಂದೆ ‘ಕೊಟ್ಟವರು’ ಎಂದಿರಲಿಲ್ಲ. ಅದೇ ಪೆನ್ನು, ಅದೇ ಅಕ್ಷರ, ಅಂದು ನನ್ನ ಎದುರಿಗೇ ಬರೆದದ್ದು: ‘ಮಾಡಿದವಳು’.

ನಾನು ಅತ್ತೆ. ಸಿಬ್ಬಂದಿ ಕೋಣೆಯಲ್ಲಿ ಯಾರೂ ಇರಲಿಲ್ಲ, ಇದ್ದಿದ್ದರೂ ಅಳುತ್ತಿದ್ದೆ. ಅವರಿಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೇ ಆಯಿಯನ್ನು ಕೇಳದೆ ಮುಂದಿನವರನ್ನು ಕರೆದರು, ಗೊತ್ತಿದ್ದೇ ಬಸ್ಸಿನಲ್ಲಿ ನನ್ನ ಕೈ ಬಿಡದೆ ಹಿಡಿದರು. ನಾನು ಸುಳ್ಳು ಅಂದುಕೊಂಡದ್ದಕ್ಕೆ ಅವರು ಆ ದಿನವೇ ಬೇರೆ ಕೆಲಸದ ಮಾತು ಬರೆದಿದ್ದರು. ಕಣ್ಣು ತೆರೆದು ಒಂದು ಸಲ ಓದಿದ್ದರೆ ಸಾಕಿತ್ತು, ಓದಲು ನನಗೆ ಬರುತ್ತಿತ್ತು, ಅವರೇ ಕಲಿಸಿದ್ದರು.

ಮಧ್ಯಾಹ್ನದ ಊಟ ಮುಗಿಸಿ ಮಕ್ಕಳು ಬಂದರು. ಪುಸ್ತಕವನ್ನು ಅವರ ನಡುವೆ ನೆಲದ ಮೇಲಿಟ್ಟೆ. ಹಾಳೆ ತಿರುವುತ್ತ ಆ ಚಿತ್ರದ ಹತ್ತಿರ ಬಂದು ನಿಂತರು. ಹಳದಿಯ ಮೇಲೆ ಬೆರಳಿಟ್ಟು ಬ್ಯಾಟರಿ ಬೆಳಕು ಎಂದ ಒಬ್ಬ, ಮೊಬೈಲಿನದು ಎಂದ ಇನ್ನೊಬ್ಬ. ಅಲ್ಲ, ಇದಕ್ಕೆ ಬಿಸಲರೊಟ್ಟಿ ಅನ್ನುತ್ತಿದ್ದರು ಎಂದೆ. ಮುಂದೆ ಕೂತಿದ್ದ ಹುಡುಗಿ ಆ ಮಾತನ್ನು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿದಳು.

“ಇದನ್ನ ಯಾರು ಅಂತಿದ್ರು ರೀ ಅಕ್ಕೋರ?”

“ಮೊದಲ ಯಾರೂ ಅಂತಿದ್ದಿಲ್ಲವಾ” ಎಂದೆ. “ನಾ ಮಾಡಿದ್ದು.”

ಹೌದೇನ್ರಿ ಎಂದಳು, ಅಷ್ಟೇ. ಹಾಳೆ ತಿರುವಿದಳು. ಉಳಿದವರೂ ಮುಂದಿನ ಚಿತ್ರದ ಮೇಲೆ ಬಗ್ಗಿದರು. ಇಷ್ಟೇ ಮಾತು. ಬಸ್ಸಿನ ಕಿಟಕಿಯ ಕೆಳಗೆ ನಿಂತು, ಕೈ ಅವರ ಕೈಯಲ್ಲಿದ್ದಾಗ ಇಷ್ಟನ್ನು ಹೇಳಲು ನನಗೆ ಆಗಲಿಲ್ಲ…